ಹರಳುಗಟ್ಟದ ಕಲ್ಲು

ಕಳೆದ ವರ್ಷ ಭೌತಶಾಸ್ತ್ರದ ತರಗತಿಯಲ್ಲಿ ಘನವಸ್ತುಗಳ ರಚನೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ ನಾವು ಮೇಜಿನ ಮೇಲೆ ಕರಿಯ ಕಲ್ಲಿನ ಚೂರೊಂದನ್ನು ಇಟ್ಟಿದ್ದೆವು. ವಿದೇಶ ಪ್ರವಾಸದಿಂದ ಮರಳಿದ ಸ್ನೇಹಿತರೊಬ್ಬರು ಅದನ್ನು ತಂದುಕೊಟ್ಟಿದ್ದರು. ಹೆಬ್ಬೆರಳ ಗಾತ್ರದ ಆ ಚೂರು ಒಡೆದ ಸೀಸೆಯಂತೆ ಥಳಥಳಿಸುತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಅದರ ತೆಳುವಾದ ಅಂಚು ಹೊಗೆಬಣ್ಣದ ಗಾಜಿನಂತೆ ಬೆಳಕನ್ನು ಒಳಬಿಡುತ್ತಿತ್ತು. ಅದರ ಹೆಸರು ಆಬ್ಸಿಡಿಯನ್. ಜ್ವಾಲಾಮುಖಿಯು ತಾನೇ ತಯಾರಿಸಿದ ಗಾಜು. ಅದು ಹೇಗೆ ಉಂಟಾಗುತ್ತದೆ ಎಂದು ಕೇಳಿದವರಿಗೆ ನಾವು ಪಠ್ಯಪುಸ್ತಕದ ಉತ್ತರವನ್ನೇ ಕೊಟ್ಟೆವು: ಲಾವಾರಸವು ಬೇಗನೆ ತಣಿದಾಗ ಹರಳುಗಟ್ಟಲು ಕಾಲ ಸಾಲದೆ ಗಾಜಾಗುತ್ತದೆ.

ಆಗ ಹಿಂದಿನ ಸಾಲಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಆಕೆಯ ಊರು ವಿಜಯಪುರ ಜಿಲ್ಲೆಯಲ್ಲಿದೆ. "ನಮ್ಮ ಸೀಮೆಯ ಕರಿಕಲ್ಲು ಕೂಡ ಲಾವಾರಸದಿಂದಲೇ ಆದದ್ದೆಂದು ಓದಿದ್ದೇವೆ. ಅದೂ ನೆಲದ ಮೇಲೆ ಹರಿದು ಬಯಲಿನಲ್ಲಿಯೇ ತಣಿಯಿತಲ್ಲವೆ? ಹಾಗಿದ್ದರೆ ಅದೇಕೆ ಗಾಜಾಗಲಿಲ್ಲ?" ಎಂದು ಕೇಳಿದಳು.

ಆ ದಿನ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಹಾಗೆಂದು ತರಗತಿಯಲ್ಲಿಯೇ ಒಪ್ಪಿಕೊಂಡು, ಮನೆಗೆ ಬಂದು ಪುಸ್ತಕಗಳನ್ನು ತೆರೆದೆವು. ನಾವು ಹೇಳಿದ್ದು ತಪ್ಪಾಗಿರಲಿಲ್ಲ. ಆದರೆ ಅದು ಸತ್ಯದ ಅರ್ಧಭಾಗ ಮಾತ್ರವಾಗಿತ್ತು. ಉಳಿದರ್ಧವನ್ನು ಹುಡುಕಿಕೊಂಡು ಹೋದಾಗ ದೊರೆತ ವಿಷಯಗಳನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಲ್ಲುಸಕ್ಕರೆ ಮತ್ತು ಪೆಪ್ಪರ್‌ಮೆಂಟು

ಮೊದಲು ಗಾಜು ಎಂದರೇನು ಎಂಬುದನ್ನು ತಿಳಿಯೋಣ. ಇದಕ್ಕೆ ಅಡಿಗೆಮನೆಯ ಉದಾಹರಣೆಯೇ ಸಾಕು. ಸಕ್ಕರೆಯ ದಟ್ಟವಾದ ದ್ರಾವಣದಲ್ಲಿ ನೂಲೊಂದನ್ನು ಇಳಿಬಿಟ್ಟು ಹಲವು ದಿನ ಅಲುಗಿಸದೆ ಇಟ್ಟರೆ ನೂಲಿನ ಮೇಲೆ ದೊಡ್ಡ ದೊಡ್ಡ ಹರಳುಗಳು ಬೆಳೆಯುತ್ತವೆ, ಅದು ಕಲ್ಲುಸಕ್ಕರೆ. ಅದೇ ಸಕ್ಕರೆಯನ್ನು ಸ್ವಲ್ಪ ನೀರಿನೊಡನೆ ಚೆನ್ನಾಗಿ ಕಾಯಿಸಿ, ನೀರೆಲ್ಲ ಹೋಗಿ ಪಾಕ ಗಟ್ಟಿಯಾದ ಮೇಲೆ ತುಪ್ಪ ಸವರಿದ ತಟ್ಟೆಗೆ ಸುರಿದರೆ ಹರಳಿಲ್ಲದ, ಪಾರದರ್ಶಕವಾದ, ಹೊಡೆದರೆ ಚಟ್ಟನೆ ಒಡೆಯುವ ಹಾಳೆಯಾಗುತ್ತದೆ. ಪೆಪ್ಪರ್‌ಮೆಂಟು ಎಂದು ನಾವು ಚೀಪುವುದು ಇಂಥ ವಸ್ತುವನ್ನೇ. ಎರಡರಲ್ಲಿಯೂ ಇರುವುದು ಸಕ್ಕರೆಯ ಅಣುಗಳೇ. ಕಲ್ಲುಸಕ್ಕರೆಯಲ್ಲಿ ಅವು ಕವಾಯತಿಗೆ ನಿಂತ ಸೈನಿಕರಂತೆ ಸಾಲುಸಾಲಾಗಿ ನಿಂತಿವೆ. ಪೆಪ್ಪರ್‌ಮೆಂಟಿನಲ್ಲಿಯೋ ಜಾತ್ರೆಯ ಜನಸಂದಣಿಯಂತೆ ಒತ್ತೊತ್ತಾಗಿದ್ದರೂ ಸಾಲಿಲ್ಲದೆ ನಿಂತಿವೆ.

ಹೀಗೆ ದ್ರವದ ಅಸ್ತವ್ಯಸ್ತ ಜೋಡಣೆಯನ್ನು ಉಳಿಸಿಕೊಂಡೇ ಘನದಂತೆ ಬಿರುಸಾಗಿರುವ ವಸ್ತುವನ್ನು ಗಾಜು ಎನ್ನುತ್ತೇವೆ. ಕಿಟಕಿಯ ಗಾಜಿನಲ್ಲಿಯೂ ಆಬ್ಸಿಡಿಯನ್ನಿನಲ್ಲಿಯೂ ಸಕ್ಕರೆಯ ಸ್ಥಾನವನ್ನು ವಹಿಸುವುದು ಸಿಲಿಕ, ಎಂದರೆ ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಒಂದೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಚತುರ್ಮುಖ ಆಕೃತಿಯ ಮೂಲೆಗಳಲ್ಲಿ ನೆಲೆಸಿರುತ್ತವೆ. ಒಂದು ಚತುರ್ಮುಖದ ಮೂಲೆಯೇ ಪಕ್ಕದ ಚತುರ್ಮುಖಕ್ಕೂ ಮೂಲೆಯಾಗಿ, ಕೊಂಡಿಗೆ ಕೊಂಡಿ ಬೆಸೆದು ಮೂರು ದಿಕ್ಕಿನಲ್ಲಿಯೂ ಹರಡಿದ ಬಲೆಯಾಗುತ್ತದೆ. ಬಲೆಯ ಕಣ್ಣುಗಳು ಕ್ರಮವಾಗಿದ್ದರೆ ಅದು ಕ್ವಾರ್ಟ್ಸ್ ಎಂಬ ಹರಳು. ಕ್ರಮವಿಲ್ಲದೆ ಸೊಟ್ಟಪಟ್ಟೆಯಾಗಿದ್ದರೆ ಗಾಜು. ಗಾಜಿನ ಈ ಚಿತ್ರವನ್ನು 1932ರಲ್ಲಿ ಮೊದಲು ಸ್ಪಷ್ಟವಾಗಿ ಮುಂದಿಟ್ಟವನು ಜಕರಿಯಾಸೆನ್ ಎಂಬ ವಿಜ್ಞಾನಿ.

ಬಲೆ ಸೊಟ್ಟಗಿದ್ದರೆ ಅಷ್ಟೇ ಪರಮಾಣುಗಳು ಸ್ವಲ್ಪ ಹೆಚ್ಚು ಸ್ಥಳವನ್ನು ಆಕ್ರಮಿಸುವುದು ಸಹಜವಷ್ಟೆ. ಕ್ವಾರ್ಟ್ಸಿನ ಸಾಪೇಕ್ಷ ಸಾಂದ್ರತೆ 2.65, ಆಬ್ಸಿಡಿಯನ್ನಿನದು ಸುಮಾರು 2.4. ಅದರ ವಕ್ರೀಭವನಾಂಕ ಸುಮಾರು 1.5, ಕಿಟಕಿಯ ಗಾಜಿನದಕ್ಕೆ ಬಹಳ ಸಮೀಪ. ಕಾಠಿನ್ಯದಲ್ಲಿಯೂ ಅದು ಸಾಧಾರಣ ಗಾಜನ್ನೇ ಹೋಲುತ್ತದೆ. ಕ್ವಾರ್ಟ್ಸ್ ಅದನ್ನು ಸುಲಭವಾಗಿ ಗೀರಬಲ್ಲದು.

ಅವಸರವೋ, ಜಡತೆಯೋ?

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಗಾಜಾಗಲು ಬೇಗನೆ ತಣಿಯುವುದೊಂದೇ ಸಾಕೆನ್ನುವುದಾದರೆ ನೀರಿಗೆ ಬಿದ್ದ ಲಾವಾರಸವೆಲ್ಲ ಗಾಜಾಗಬೇಕಿತ್ತು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಪ್ರಸಿದ್ಧವಾದ ಬಂಡೆಯೊಂದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾರಸವು ಒಮ್ಮೆಗೇ ತಣಿದು ಆ ಆಕಾರವನ್ನು ಪಡೆಯಿತು. ಈಗಲೂ ಸಮುದ್ರದ ತಳದಲ್ಲಿ ಇಂಥ ದಿಂಬುಗಳು ಹುಟ್ಟುತ್ತಿವೆ. ಅವುಗಳನ್ನು ಒಡೆದು ನೋಡಿದರೆ ಗಾಜು ಇರುವುದು ಹೊರಗಿನ ತೆಳುವಾದ ಸಿಪ್ಪೆಯಲ್ಲಿ ಮಾತ್ರ. ಒಳಗೆಲ್ಲ ಸಣ್ಣ ಹರಳುಗಳ ಕಲ್ಲು. ನೀರಿನಲ್ಲಿ ಅದ್ದಿದಾಗಲೂ ಸಿಪ್ಪೆಯಷ್ಟೇ ಗಾಜು! ಹೀಗಿರುವಾಗ ಆಬ್ಸಿಡಿಯನ್ ಗಾಳಿಗೊಡ್ಡಿದ ಲಾವಾ ಹರಿವುಗಳಲ್ಲಿ ಮೀಟರುಗಟ್ಟಲೆ ದಪ್ಪನಾದ ಪದರಗಳಾಗಿ ದೊರೆಯುತ್ತದೆ. ಅಷ್ಟು ದಪ್ಪನೆಯ ರಾಶಿ ಒಂದು ದಿನದಲ್ಲಿ ತಣಿಯುವುದಿಲ್ಲ. ತಿಂಗಳುಗಳು, ವರ್ಷಗಳು ಬೇಕು. ನಿಧಾನವಾಗಿ ತಣಿದರೂ ಅದು ಹರಳುಗಟ್ಟಲಿಲ್ಲ. ಏಕೆ?

ಉತ್ತರ ಲಾವಾರಸದ ಜಾತಿಯಲ್ಲಿದೆ. ದಖನ್ ಪ್ರಸ್ಥಭೂಮಿಯ ಕರಿಕಲ್ಲು, ಎಂದರೆ ಗೋಳಗುಮ್ಮಟವನ್ನು ಕಟ್ಟಿರುವ ಕಲ್ಲು, ಬಸಾಲ್ಟ್ ಎಂಬ ಜಾತಿಗೆ ಸೇರಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅದು ಪದರಪದರವಾಗಿ ಹರಿದು ಹರಡಿತು. ಅದರಲ್ಲಿ ಸಿಲಿಕದ ಪಾಲು ನೂರಕ್ಕೆ ಐವತ್ತರಷ್ಟು. ಉಳಿದುದರಲ್ಲಿ ಕಬ್ಬಿಣ, ಮೆಗ್ನೀಸಿಯಮ್, ಕ್ಯಾಲ್ಸಿಯಮ್‌ಗಳ ಆಕ್ಸೈಡುಗಳು ವಿಶೇಷವಾಗಿವೆ. ಈ ಲೋಹಗಳು ಸಿಲಿಕದ ಬಲೆಯ ಕೊಂಡಿಗಳನ್ನು ಅಲ್ಲಲ್ಲಿ ಕಳಚಿಹಾಕುತ್ತವೆ. ಬಲೆ ತುಂಡುತುಂಡಾದುದರಿಂದ ರಸ ತೆಳುವಾಗುತ್ತದೆ. ಮೇಲಾಗಿ ಅದು ಹೊರಬರುವಾಗಿನ ಉಷ್ಣತೆ 1,100ರಿಂದ 1,200 ಡಿಗ್ರಿ ಸೆಂಟಿಗ್ರೇಡ್. ಬಿಸಿಯಾದ ಈ ತೆಳು ರಸದಲ್ಲಿ ಪರಮಾಣುಗಳು ಚುರುಕಾಗಿ ಓಡಾಡಿ ತಮ್ಮ ತಮ್ಮ ಸ್ಥಾನಗಳನ್ನು ಹಿಡಿಯಬಲ್ಲವು. ಹರಳುಗಟ್ಟಲು ಅವಕ್ಕೆ ಸ್ವಲ್ಪ ಕಾಲ ಸಿಕ್ಕರೂ ಸಾಕು.

ಆಬ್ಸಿಡಿಯನ್ನಿನ ಮೂಲವಾದ ಲಾವಾರಸವು ರಯೊಲೈಟ್ ಎಂಬ ಇನ್ನೊಂದು ಜಾತಿ. ಅದರಲ್ಲಿ ಸಿಲಿಕವು ನೂರಕ್ಕೆ 70ಕ್ಕಿಂತಲೂ ಹೆಚ್ಚು. ಕೊಂಡಿ ಕಳಚುವ ಲೋಹಗಳು ಕಡಿಮೆ. ಬಲೆ ಬಹುಮಟ್ಟಿಗೆ ಅಖಂಡವಾಗಿಯೇ ಇರುತ್ತದೆ. ಉಷ್ಣತೆಯೂ ಕಡಿಮೆ, ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಇದರ ಪರಿಣಾಮ ಸ್ನಿಗ್ಧತೆಯ ಅಂಕಿಗಳಲ್ಲಿ ಎದ್ದುಕಾಣುತ್ತದೆ. ಪ್ಯಾಸ್ಕಲ್-ಸೆಕೆಂಡ್ ಎಂಬ ಮಾನದಲ್ಲಿ ಹೇಳುವುದಾದರೆ ನೀರಿನ ಸ್ನಿಗ್ಧತೆ 0.001, ಜೇನುತುಪ್ಪದ್ದು ಹತ್ತರ ಆಸುಪಾಸು, ಬಸಾಲ್ಟ್ ಲಾವಾರಸದ್ದು ಹತ್ತರಿಂದ ಕೆಲವು ನೂರು. ರಯೊಲೈಟ್ ಲಾವಾರಸದ್ದು ಹತ್ತು ಕೋಟಿ ಅಥವಾ ಅದಕ್ಕೂ ಮೇಲೆ! ಸ್ನಿಗ್ಧತೆಯು ಲಕ್ಷ ಕೋಟಿಯನ್ನು ಮುಟ್ಟಿದರೆ ಅಂಥ ದ್ರವವನ್ನು ಗಾಜೆಂದೇ ಕರೆಯುವುದು ಭೌತಶಾಸ್ತ್ರದ ರೂಢಿ. ರಯೊಲೈಟ್ ಲಾವಾರಸವು ನೆಲಕ್ಕೆ ಬರುವಾಗಲೇ ಆ ಗಡಿಯ ಹತ್ತಿರಕ್ಕೆ ಬಂದಿರುತ್ತದೆ.

ಈ ಕಥೆಯಲ್ಲಿ ನೀರಿನ ಪಾತ್ರವನ್ನೂ ಗಮನಿಸಬೇಕು. ಭೂಮಿಯ ಆಳದಲ್ಲಿ ಒತ್ತಡ ಹೆಚ್ಚಾಗಿರುವುದರಿಂದ ಶಿಲಾರಸದಲ್ಲಿ ನೂರಕ್ಕೆ ಹಲವು ಪಾಲು ನೀರು ಕರಗಿರುತ್ತದೆ. ನೀರು ಸಹ ಬಲೆಯ ಕೊಂಡಿಗಳನ್ನು ಕಳಚುವಂಥದು. ಆದುದರಿಂದ ಆಳದಲ್ಲಿ ಈ ರಸ ಅಷ್ಟೇನೂ ಮಂದವಾಗಿರುವುದಿಲ್ಲ. ಮೇಲೇರಿದಂತೆ ಒತ್ತಡ ತಗ್ಗಿ, ಸೋಡಾ ಸೀಸೆಯ ಮುಚ್ಚಳ ತೆಗೆದಾಗ ಅನಿಲ ಹೊರಡುವಂತೆ, ನೀರು ಆವಿಯಾಗಿ ಹೊರಟುಹೋಗುತ್ತದೆ. ಕಳಚಿದ್ದ ಕೊಂಡಿಗಳು ಮತ್ತೆ ಕೂಡಿಕೊಳ್ಳುತ್ತವೆ, ರಸ ಗಟ್ಟಿಯಾಗುತ್ತದೆ. ಪಾಕದಿಂದ ನೀರು ಹೋದಷ್ಟೂ ಅದು ಬಿಗಿಯಾಗುವುದನ್ನು ಕಂಡವರಿಗೆ ಇದು ಹೊಸತೆನಿಸದು. ನೆಲದ ಮೇಲೆ ದೊರೆಯುವ ಆಬ್ಸಿಡಿಯನ್ನಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲು ನೀರೂ ಉಳಿದಿರುವುದಿಲ್ಲ. ಆವಿ ಮೆಲ್ಲನೆ ಸೋರಿಹೋಗದೆ ರಭಸದಿಂದ ನೊರೆಯೆದ್ದರೆ ಅದೇ ರಸ ಪ್ಯೂಮಿಸ್ ಎಂಬ, ನೀರಿನ ಮೇಲೆ ತೇಲುವಷ್ಟು ಹಗುರವಾದ ಕಲ್ಲಾಗುತ್ತದೆ. ಸಕ್ಕರೆಯ ಹೋಲಿಕೆಯನ್ನೇ ಮುಂದುವರಿಸುವುದಾದರೆ ಪ್ಯೂಮಿಸ್ ಎಂದರೆ ಬತ್ತಾಸು.

ಆಬ್ಸಿಡಿಯನ್ ಹುಟ್ಟುವುದನ್ನು ವಿಜ್ಞಾನಿಗಳು ಹತ್ತಿರದಿಂದ ಕಂಡದ್ದು ಇತ್ತೀಚೆಗೆ. 2008ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಚೈಟೆನ್ ಜ್ವಾಲಾಮುಖಿಯಿಂದಲೂ, 2011ರ ಜೂನ್‌ನಲ್ಲಿ ಅದೇ ದೇಶದ ಕೊರ್ದೊನ್ ಕಾವ್ಯೆಯಿಂದಲೂ ರಯೊಲೈಟ್ ಲಾವಾರಸ ಹೊರಬಂದಿತು. ಕೊರ್ದೊನ್ ಕಾವ್ಯೆಯ ಹರಿವು ಹತ್ತಾರು ಮೀಟರ್ ದಪ್ಪನಾದ ಕರಿಯ ಗೋಡೆಯಾಗಿ ದಿನಕ್ಕೆ ಕೆಲವೇ ಮೀಟರ್ ಮುಂದುವರಿಯಿತು. ಹೊರಮೈ ತಣಿದು ಒಡೆದ ಗಾಜಿನ ರಾಶಿಯಾಗಿದ್ದರೂ ಒಳಗಿನ ರಸ ಆ ಹೊದಿಕೆಯೊಳಗೆ ಬಿಸಿಯನ್ನು ಕಾಪಾಡಿಕೊಂಡಿತ್ತು. ಬಾಯಿಯಿಂದ ಲಾವಾರಸ ಬರುವುದು ನಿಂತ ಮೇಲೆಯೂ ತಿಂಗಳುಗಟ್ಟಲೆ ಹರಿವಿನ ಅಂಚು ತೆವಳುತ್ತಲೇ ಇತ್ತು. ಅವಸರವೆಂಬ ಮಾತು ಇಲ್ಲಿ ಹೊಂದುವುದೇ ಇಲ್ಲ.

ಆದುದರಿಂದ ಆ ದಿನ ನಾವು ಹೇಳಬೇಕಾಗಿದ್ದ ಉತ್ತರ ಇದು: ತಣಿಯುವ ವೇಗ, ಪರಮಾಣುಗಳು ಜರುಗಿ ಸಾಲಾಗುವ ವೇಗ, ಇವೆರಡರ ಪೈಪೋಟಿಯಲ್ಲಿ ಗಾಜಿನ ಜನನವಿದೆ. ಬಸಾಲ್ಟಿನಲ್ಲಿ ಗಾಜಾಗಬೇಕಾದರೆ ತಣಿಯುವುದು ಅತ್ಯಂತ ಶೀಘ್ರವಾಗಿರಬೇಕು. ರಯೊಲೈಟಿನಲ್ಲಿ ಪರಮಾಣುಗಳೇ ಎಷ್ಟು ಜಡವೆಂದರೆ ಸಾವಧಾನವಾಗಿ ತಣಿದರೂ ಅವು ಸಾಲಿಗೆ ಬರಲಾರವು. ಅಲ್ಲಿಯೂ ಬಹಳ ಕಾಲ ಬಿಸಿಯಾಗಿಯೇ ಉಳಿದ ನಡುಭಾಗ ಅನೇಕ ವೇಳೆ ಹರಳುಗಟ್ಟಿ ಸಾಧಾರಣ ಕಲ್ಲಾಗುವುದುಂಟು. ಆದರೆ ಅಂಚುಗಳಲ್ಲಿ ಉಳಿಯುವ ಗಾಜು ಸಿಪ್ಪೆಯಲ್ಲ, ದಪ್ಪನಾದ ಪದರ.

ಬಣ್ಣಗಳು ಮತ್ತು ಬಗೆಗಳು

ರಯೊಲೈಟಿನಲ್ಲಿ ಕಬ್ಬಿಣ ಬಲು ಕಡಿಮೆ. ಆದರೂ ಆಬ್ಸಿಡಿಯನ್ ಕಪ್ಪಾಗಿ ಕಾಣುವುದು ವಾಚಕರಿಗೆ ವಿಚಿತ್ರವೆನಿಸಬಹುದು. ಇರುವ ಅಲ್ಪ ಕಬ್ಬಿಣವೇ ಮ್ಯಾಗ್ನೆಟೈಟ್ ಮೊದಲಾದ ಖನಿಜಗಳ ಅತಿಸೂಕ್ಷ್ಮ ಕಣಗಳಾಗಿ ಗಾಜಿನಲ್ಲೆಲ್ಲ ಚದುರಿ ಬೆಳಕನ್ನು ತಡೆಯುತ್ತದೆ. ಒಂದು ಬಿಂದಿಗೆ ನೀರಿಗೆ ತೊಟ್ಟು ಶಾಯಿ ಬಿದ್ದಂತೆ ಎನ್ನಬಹುದು. ತೆಳುವಾದ ಅಂಚಿನಲ್ಲಿ ಬೆಳಕು ಹಾಯುವುದೂ ಈ ಕಾರಣದಿಂದಲೇ. ಹರಿಯುತ್ತಿದ್ದಾಗ ಗಾಳಿಯ ಆಮ್ಲಜನಕದ ಸಂಪರ್ಕಕ್ಕೆ ಬಂದ ಭಾಗದಲ್ಲಿ ಕಬ್ಬಿಣವು ಕೆಂಪು ಆಕ್ಸೈಡಾಗಿ, ಕಪ್ಪಿನ ನಡುವೆ ಕಂದುಗೆಂಪು ಪಟ್ಟೆಗಳು ಮೂಡುತ್ತವೆ. ಇದನ್ನು ಮಹಾಗನಿ ಆಬ್ಸಿಡಿಯನ್ ಎನ್ನುವರು. ಮೆಕ್ಸಿಕೊ ದೇಶದ ಪಚೂಕ ಪ್ರಾಂತದಲ್ಲಿ ಹಸಿರು ಬಣ್ಣದ ಆಬ್ಸಿಡಿಯನ್ ದೊರೆಯುತ್ತದೆ.

ಕೆಲವು ಚೂರುಗಳನ್ನು ಓರೆಯಾಗಿ ಹಿಡಿದಾಗ ಚಿನ್ನದ ಅಥವಾ ಬೆಳ್ಳಿಯ ಹೊಳಪು ಮೇಲೆದ್ದು ಬರುತ್ತದೆ. ಹರಿವಿನ ದಿಕ್ಕಿನಲ್ಲಿ ಎಳೆದು ಚಪ್ಪಟೆಯಾದ ಸೂಕ್ಷ್ಮ ಗುಳ್ಳೆಗಳಿಂದಲೂ ಕಣಗಳಿಂದಲೂ ಬೆಳಕು ಒಟ್ಟಾಗಿ ಪ್ರತಿಫಲಿಸುವುದು ಇದಕ್ಕೆ ಕಾರಣ. ಕಾಮನಬಿಲ್ಲಿನ ಬಣ್ಣಗಳನ್ನು ತೋರುವ ಬಗೆಯಲ್ಲಿ ಪೈರಾಕ್ಸೀನ್ ವರ್ಗದ ಖನಿಜದ ಅತಿಸೂಕ್ಷ್ಮ ಕಡ್ಡಿಗಳು ಪದರಪದರವಾಗಿ ಕೂತಿರುತ್ತವೆ. ಪದರಗಳ ದಪ್ಪ ಬೆಳಕಿನ ತರಂಗದೂರಕ್ಕೆ ಸಮೀಪವಾಗಿರುವುದರಿಂದ ಪ್ರತಿಫಲಿಸಿದ ಕಿರಣಗಳು ಒಂದನ್ನೊಂದು ಕೂಡಿ ಕೆಲವು ಬಣ್ಣಗಳು ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ಮಳೆಗಾಲದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆಯ ಪೊರೆ ಬಣ್ಣ ತೋರುವುದೂ ವ್ಯತಿಕರಣವೆಂಬ ಇದೇ ತತ್ತ್ವದಿಂದ. ಬಣ್ಣವಿರುವುದು ವಸ್ತುವಿನಲ್ಲಲ್ಲ, ಅದರ ದಪ್ಪದಲ್ಲಿ.

ಇನ್ನೊಂದು ಬಗೆಯಲ್ಲಿ ಕರಿಯ ಹಿನ್ನೆಲೆಯ ಮೇಲೆ ಬಿಳಿಯ ಹಿಮದ ಹೂಗಳು ಅರಳಿದಂತೆ ಕಾಣುತ್ತದೆ. ಆ ಹೂಗಳು ಕ್ರಿಸ್ಟೊಬಲೈಟ್ ಎಂಬ ಸಿಲಿಕದ ಹರಳುಗಳ ಗೊಂಚಲುಗಳು. ಗಾಜಿನ ನಡುವೆ ಅಲ್ಲಲ್ಲಿ ಪರಮಾಣುಗಳು ಕೊನೆಗೂ ಸಾಲಾಗತೊಡಗಿವೆ ಎಂಬುದಕ್ಕೆ ಅವು ಸಾಕ್ಷಿ. ಕಲ್ಲಾಗುವ ಕಾರ್ಯ ಅಲ್ಲಿ ಆರಂಭವಾಗಿ ನಡುವೆಯೇ ನಿಂತಿದೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಹರಳಿನ ಅಂಗಡಿಗಳಲ್ಲಿ ಆಬ್ಸಿಡಿಯನ್ ಎಂಬ ಹೆಸರಿನಲ್ಲಿ ಮಾರುವ ತಿಳಿನೀಲಿಯ ಪಾರದರ್ಶಕ ಗಟ್ಟಿಗಳು ಸಾಮಾನ್ಯವಾಗಿ ಮನುಷ್ಯನ ಕುಲುಮೆಯ ಗಾಜು; ಜ್ವಾಲಾಮುಖಿಯದಲ್ಲ.

ಅಂಚಿನ ಹರಿತ

ಆಬ್ಸಿಡಿಯನ್ ಎಂಬ ಹೆಸರು ಹಳೆಯದು. ಇಥಿಯೋಪಿಯದಲ್ಲಿ ಈ ಕಲ್ಲನ್ನು ಕಂಡವನು ಓಬ್ಸಿಯಸ್ ಎಂಬಾತನೆಂದು ರೋಮಿನ ಪ್ಲೀನಿಯು ಮೊದಲನೆಯ ಶತಮಾನದಲ್ಲಿ ಬರೆದಿದ್ದಾನೆ. ಆದರೆ ಹೆಸರಿಗಿಂತ ಬಹಳ ಮೊದಲೇ ಮನುಷ್ಯನ ಕೈ ಈ ಕಲ್ಲನ್ನು ಅರಿತಿತ್ತು. ಕಾರಣ ಅದು ಒಡೆಯುವ ರೀತಿ.

ಅಭ್ರಕವನ್ನು ಸೀಳಿದರೆ ಹಾಳೆಹಾಳೆಯಾಗಿ ಬಿಡುತ್ತದೆ. ಅದರ ಪರಮಾಣುಗಳ ಸಾಲುಗಳ ನಡುವೆ ದುರ್ಬಲವಾದ ತಲಗಳಿವೆ. ಗ್ರಾನೈಟ್ ಒಡೆದರೆ ಬಿರುಕು ಒಂದು ಹರಳಿನಿಂದ ಇನ್ನೊಂದಕ್ಕೆ ತಿರುಗುತ್ತ ಒರಟಾದ ಮೈಯನ್ನು ಉಳಿಸುತ್ತದೆ. ಗಾಜಿನಲ್ಲಿ ಸಾಲುಗಳಿಲ್ಲ, ಹರಳುಗಳ ಎಲ್ಲೆಗಳಿಲ್ಲ. ಎಲ್ಲ ದಿಕ್ಕುಗಳೂ ಒಂದೇ. ಆದುದರಿಂದ ಬಿರುಕು ಯಾವ ಅಡ್ಡಿಯೂ ಇಲ್ಲದೆ ಪೆಟ್ಟಿನ ಬಲ ಹರಡಿದಂತೆ ಹರಡುತ್ತದೆ. ಒಡೆದ ಮೈ ಕಪ್ಪೆಚಿಪ್ಪಿನ ಒಳಭಾಗದಂತೆ ನುಣುಪಾಗಿ, ಅಲೆಅಲೆಯಾಗಿ ಬಾಗಿರುತ್ತದೆ. ಇದನ್ನು ಶಂಖಾಭ ಭಂಗ ಎನ್ನುವರು. ಇಂಥ ಎರಡು ಬಾಗಿದ ಮೈಗಳು ಸಂಧಿಸುವ ಗೆರೆಯೇ ಅಂಚು. ಆ ಗೆರೆಯಲ್ಲಿ ಹರಳಿನ ಕಣಗಳ ಒರಟುತನವಿಲ್ಲವಾದುದರಿಂದ ಅದು ಕೆಲವೇ ನ್ಯಾನೊಮೀಟರುಗಳಷ್ಟು ತೆಳುವಾಗಿರಬಲ್ಲದು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ಮನಸ್ಸಿಗೆ ಬರುತ್ತದೆ. ಲೋಹದ ಅಲಗನ್ನು ಎಷ್ಟು ಸಾಣೆ ಹಿಡಿದರೂ ಸೂಕ್ಷ್ಮದರ್ಶಕದಲ್ಲಿ ಅದು ಗರಗಸದಂತೆಯೇ ಕಾಣುತ್ತದೆ.

ಮೆಕ್ಸಿಕೊದ ಆಜ್ಟೆಕ್ ಜನರು ಮರದ ದಂಡಗಳ ಅಂಚುಗಳಿಗೆ ಆಬ್ಸಿಡಿಯನ್ ಅಲಗುಗಳನ್ನು ಕೂಡಿಸಿ ಕತ್ತಿಗಳನ್ನು ಮಾಡುತ್ತಿದ್ದರು. ಈಗಿನ ತುರ್ಕಿಯಲ್ಲಿರುವ ಚತಾಲ್‌ಹುಯುಕ್ ಎಂಬ ಪ್ರಾಚೀನ ನೆಲೆಯ ಜನರು ಸುಮಾರು ಎಂಟು ಸಾವಿರ ವರ್ಷಗಳ ಹಿಂದೆಯೇ ಇದನ್ನು ಉಜ್ಜಿ ನಯಗೊಳಿಸಿ ಕನ್ನಡಿಗಳನ್ನಾಗಿಸಿಕೊಂಡಿದ್ದರು. ನಮ್ಮ ಕಾಲದಲ್ಲಿ ಕೆಲವರು ಶಸ್ತ್ರಚಿಕಿತ್ಸೆಗೂ ಇದನ್ನು ಪ್ರಯೋಗಿಸಿ ನೋಡಿದ್ದಾರೆ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಲಿಗಳ ಚರ್ಮವನ್ನು ಆಬ್ಸಿಡಿಯನ್ ಅಲಗಿನಿಂದಲೂ ಉಕ್ಕಿನ ಅಲಗಿನಿಂದಲೂ ಕೊಯ್ದು ಹೋಲಿಸಲಾಯಿತು. ಮೊದಲ ಎರಡು ವಾರಗಳಲ್ಲಿ ಆಬ್ಸಿಡಿಯನ್ ಗಾಯದ ಕಲೆ ಹೆಚ್ಚು ಕಿರಿದಾಗಿತ್ತು. ಆದರೆ ಮಾಯ್ದ ಚರ್ಮದ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲದೆ, ಪಕ್ಕಕ್ಕೆ ಸ್ವಲ್ಪ ಒತ್ತಿದರೂ ಈ ಅಲಗು ಮುರಿಯುತ್ತದೆ. ಬಿರುಕನ್ನು ತಡೆಯುವುದು ಒಳಗೆ ಏನೂ ಇಲ್ಲದಿರುವುದೇ ಅದರ ಹರಿತಕ್ಕೆ ಕಾರಣ. ಅದರ ಬಲಹೀನತೆಗೂ ಅದೇ ಕಾರಣ.

ಕಲ್ಲಿನ ನೆನಪು

ಒಂದು ಜ್ವಾಲಾಮುಖಿಯ ಒಂದು ಹರಿವಿನ ಲಾವಾರಸ ಬಹುಮಟ್ಟಿಗೆ ಸಮರಸವಾಗಿರುತ್ತದೆ. ಅದು ಗಾಜಾದಾಗ ಅದರಲ್ಲಿ ಬೆರೆತಿದ್ದ ಬೇರಿಯಮ್, ಜಿರ್ಕೋನಿಯಮ್, ರುಬಿಡಿಯಮ್, ಸ್ಟ್ರಾನ್ಷಿಯಮ್ ಮೊದಲಾದ ಅತ್ಯಲ್ಪ ಪ್ರಮಾಣದ ಧಾತುಗಳೂ ಅದೇ ಪ್ರಮಾಣದಲ್ಲಿ ಸೆರೆಯಾಗಿ ಉಳಿಯುತ್ತವೆ. ಬೇರೆ ಬೇರೆ ಜ್ವಾಲಾಮುಖಿಗಳಲ್ಲಿ ಈ ಪ್ರಮಾಣಗಳು ಬೇರೆ ಬೇರೆ. ಆದುದರಿಂದ ಚೂರು ಎಲ್ಲಿಯೇ ದೊರೆಯಲಿ, ಅದು ಯಾವ ಬೆಟ್ಟದಲ್ಲಿ ಹುಟ್ಟಿತೆಂಬುದನ್ನು ಈ ಧಾತುಗಳಿಂದ ಕಂಡುಹಿಡಿಯಬಹುದು. 1964ರಲ್ಲಿ ಕ್ಯಾನ್ ಮತ್ತು ರೆನ್‌ಫ್ರೂ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು ರೋಹಿತ ವಿಶ್ಲೇಷಣೆಯಿಂದ ಮೆಡಿಟರೇನಿಯನ್ ಪ್ರದೇಶದ ಆಬ್ಸಿಡಿಯನ್ನುಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದರು. ಈಗ ಕ್ಷ-ಕಿರಣಗಳ ನೆರವಿನಿಂದ, ವಸ್ತುವಿಗೆ ಯಾವ ಹಾನಿಯೂ ಆಗದಂತೆ, ಕೆಲವೇ ನಿಮಿಷಗಳಲ್ಲಿ ಈ ಕೆಲಸ ಮುಗಿಯುತ್ತದೆ.

ಇದರಿಂದ ತಿಳಿದ ಸಂಗತಿಗಳು ಸಾಮಾನ್ಯವಲ್ಲ. ಗ್ರೀಸಿನ ದಕ್ಷಿಣದಲ್ಲಿರುವ ಫ್ರಾಂಕ್ತಿ ಗುಹೆಯಲ್ಲಿ ಸುಮಾರು 13,000 ವರ್ಷಗಳಷ್ಟು ಹಳೆಯ ಪದರಗಳಲ್ಲಿ ದೊರೆತ ಆಬ್ಸಿಡಿಯನ್ ಚೂರುಗಳು ನೂರಕ್ಕೂ ಹೆಚ್ಚು ಕಿಲೊಮೀಟರ್ ದೂರದ ಮೆಲೋಸ್ ದ್ವೀಪಕ್ಕೆ ಸೇರಿದವು. ಅಂದಿಗೂ ಮೆಲೋಸ್ ದ್ವೀಪವೇ ಆಗಿತ್ತು. ಹಾಗಾದರೆ ಬೇಸಾಯವನ್ನೇ ಅರಿಯದ ಆ ಜನರು ದೋಣಿ ಕಟ್ಟಿ ಕಡಲನ್ನು ದಾಟಿದ್ದರೆಂದಾಯಿತು. ಅವರ ದೋಣಿಗಳಲ್ಲಿ ಒಂದೂ ಉಳಿದಿಲ್ಲ, ಅವರ ಭಾಷೆಯ ಒಂದು ಪದವೂ ಉಳಿದಿಲ್ಲ. ಉಳಿದುದು ಗಾಜಿನ ಚೂರು. ಪ್ರಯಾಣದ ಸಾಕ್ಷ್ಯವನ್ನು ಹೇಳುತ್ತಿರುವುದು ಅದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಹದಿನಾರನೆಯ ಶತಮಾನದ ಜಾನ್ ಡೀ ಎಂಬ ಪಂಡಿತನದೆಂದು ಹೇಳುವ ಕರಿಯ ಕನ್ನಡಿಯೊಂದಿದೆ. ಅದು ಮೆಕ್ಸಿಕೊದ ಪಚೂಕದ ಕಲ್ಲೆಂಬುದು 2021ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸ್ಥಿರಪಟ್ಟಿತು.

ಆಬ್ಸಿಡಿಯನ್ ಊರನ್ನು ಮಾತ್ರವಲ್ಲ, ಕಾಲವನ್ನೂ ಸ್ವಲ್ಪಮಟ್ಟಿಗೆ ನೆನಪಿಡುತ್ತದೆ. ಹೊಸದಾಗಿ ಒಡೆದ ಮೈ ಗಾಳಿಯ ಮತ್ತು ಮಣ್ಣಿನ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ನೀರು ಸೇರಿದ ಈ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಬಹುದು. 1960ರಲ್ಲಿ ಅಮೆರಿಕದ ಫ್ರೀಡ್‌ಮನ್ ಮತ್ತು ಸ್ಮಿತ್ ಎಂಬವರು ಇದನ್ನು ಗಡಿಯಾರವಾಗಿ ಬಳಸಬಹುದೆಂದು ತೋರಿಸಿದರು. ಪೊರೆಯ ದಪ್ಪದ ವರ್ಗವು ಕಾಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಅವರ ಸೂತ್ರ. ಎಂದರೆ ಪೊರೆ ಎರಡರಷ್ಟು ದಪ್ಪವಾಗಲು ನಾಲ್ಕರಷ್ಟು ಕಾಲ ಬೇಕು. ಆದರೆ ಈ ಗಡಿಯಾರ ಸೆಕೆಯಲ್ಲಿ ಬೇಗನೆಯೂ ಚಳಿಯಲ್ಲಿ ನಿಧಾನವಾಗಿಯೂ ನಡೆಯುತ್ತದೆ. ಆ ಸ್ಥಳದ ಉಷ್ಣತೆ ಮತ್ತು ಗಾಜಿನ ಸಂಯೋಜನೆಗಳನ್ನು ತಿಳಿಯದೆ ಅದನ್ನು ನಂಬುವಂತಿಲ್ಲ.

ನೀರು ಒಳಗೆ ಇಳಿಯುತ್ತಲೇ ಹೋದರೆ ಗಾಜು ಈರುಳ್ಳಿಯ ಸಿಪ್ಪೆಗಳಂಥ ಬಿರುಕುಗಳನ್ನು ಪಡೆದು ಪರ್ಲೈಟ್ ಎಂಬ ಬೂದು ಕಲ್ಲಾಗುತ್ತದೆ. ಅದರ ನಡುವೆ ನೀರು ಮುಟ್ಟದೆ ಉಳಿದ ಕರಿಯ ಗುಂಡುಗಳಿಗೆ ಅಮೆರಿಕದಲ್ಲಿ ಅಪಾಚೆಯ ಕಣ್ಣೀರು ಎಂದು ಹೆಸರು. ಪರ್ಲೈಟನ್ನು ಸುಮಾರು 900 ಡಿಗ್ರಿಗೆ ಥಟ್ಟನೆ ಕಾಯಿಸಿದರೆ ಮೆತ್ತಗಾದ ಗಾಜಿನೊಳಗೆ ನೀರು ಆವಿಯಾಗಿ ಉಬ್ಬಿ, ಜೋಳದ ಅರಳಿನಂತೆ ಅರಳಿಕೊಳ್ಳುತ್ತದೆ. ಹೂಕುಂಡಗಳ ಮಣ್ಣಿಗೆ ಬೆರೆಸುವ ಹಗುರವಾದ ಬಿಳಿಯ ಕಾಳುಗಳು ಇವೇ.

ಎಂದಿಗೂ ಗಾಜಾಗಿಯೇ ಉಳಿಯುವುದೆ?

ಉಳಿಯುವುದಿಲ್ಲ. ಗಾಜಿನ ಸ್ಥಿತಿ ನಿಸರ್ಗದ ಅಂತಿಮ ತೀರ್ಮಾನವಲ್ಲ. ಹರಳಿನ ಸ್ಥಿತಿಯಲ್ಲಿ ಶಕ್ತಿ ಇನ್ನೂ ಕಡಿಮೆಯಾದುದರಿಂದ ಪರಮಾಣುಗಳ ಒಲವು ಸದಾ ಆ ಕಡೆಗೆ. ನೀರು, ಬಿಸಿ, ದೀರ್ಘಕಾಲ, ಇವು ಕೂಡಿದರೆ ಜಡವಾದ ಪರಮಾಣುಗಳೂ ಜರುಗುತ್ತವೆ. ಆದುದರಿಂದಲೇ ಭೂಮಿಯ ಆಬ್ಸಿಡಿಯನ್ನಿನಲ್ಲಿ ಬಹುಪಾಲು ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯದು. ಬಹಳ ಹಳೆಯ ಲಾವಾ ಹರಿವುಗಳಲ್ಲಿದ್ದ ಗಾಜು ಎಂದೋ ಹರಳಾಗಿ ತನ್ನ ಹೊಳಪನ್ನು ಕಳೆದುಕೊಂಡಿದೆ. ಮರಡಿಹಳ್ಳಿಯ ದಿಂಬುಗಳ ಸಿಪ್ಪೆಗೂ ಇದೇ ಗತಿ. ಹಾಗಾದರೆ ನಮ್ಮ ಮೇಜಿನ ಮೇಲಿದ್ದ ಚೂರು ಮುಗಿದುಹೋದ ವಸ್ತುವಲ್ಲ. ದಾರಿಯ ನಡುವೆ ಸಿಕ್ಕಿಬಿದ್ದಿರುವ ವಸ್ತು.

ಮುಂದಿನ ವಾರ ಇದನ್ನೆಲ್ಲ ತರಗತಿಯಲ್ಲಿ ಹೇಳಿ, ಹಿಂದಿನ ವಾರದ ನಮ್ಮ ವಾಕ್ಯವನ್ನು ಟಿಪ್ಪಣಿ ಪುಸ್ತಕಗಳಲ್ಲಿ ತಿದ್ದಿಕೊಳ್ಳಿರೆಂದು ಕೇಳಿಕೊಂಡೆವು. "ಬೇಗನೆ" ಎಂಬ ಒಂದು ಪದವನ್ನು ಪ್ರಶ್ನಿಸಿದುದರಿಂದ ಇಷ್ಟೆಲ್ಲ ಹೊರಬಂದಿತು. ಪಠ್ಯಪುಸ್ತಕದ ವಾಕ್ಯವನ್ನು ತಮ್ಮ ಊರಿನ ಕಲ್ಲಿಗೆ ಹಚ್ಚಿ ನೋಡುವ ವಿದ್ಯಾರ್ಥಿಗಳಿರುವ ತನಕ ಅರ್ಧ ಉತ್ತರಗಳು ಬಹುಕಾಲ ಬಾಳಲಾರವು.

ಕಡೆಯದಾಗಿ ವಾಚಕರು ಮನೆಯಲ್ಲಿಯೇ ಮಾಡಿನೋಡಬಹುದಾದ ಒಂದು ಪರೀಕ್ಷೆ. ಹಿರಿಯರ ನೆರವಿನಿಂದ ಸಕ್ಕರೆಯ ಗಟ್ಟಿ ಪಾಕವನ್ನು ಮಾಡಿ ತಟ್ಟೆಯ ಮೇಲೆ ತೆಳುವಾಗಿ ಸುರಿಯಿರಿ. ಕುದಿಯುವ ಪಾಕ ನೀರಿಗಿಂತ ಹೆಚ್ಚು ಸುಡುವುದೆಂಬುದನ್ನು ಮರೆಯಬೇಡಿ. ತಣಿದ ಹಾಳೆಯನ್ನು ಒಡೆದು ಅದರ ಬಾಗಿದ, ನುಣುಪಾದ ಮೈಯನ್ನು ಗಮನಿಸಿರಿ. ಒಂದು ಚೂರನ್ನು ಬಿಗಿಯಾದ ಡಬ್ಬಿಯಲ್ಲಿಯೂ ಇನ್ನೊಂದನ್ನು ತೆರೆದ ತಟ್ಟೆಯಲ್ಲಿಯೂ ಇಟ್ಟು ಮಳೆಗಾಲದ ಕೆಲವು ದಿನ ಕಾಯಿರಿ. ತೆರೆದ ಚೂರು ತೇವ ಹೀರಿ ಅಂಟಾಗಿ, ಮೆಲ್ಲನೆ ಮಬ್ಬಾಗಿ ಸಣ್ಣ ಹರಳುಗಳಾಗತೊಡಗುತ್ತದೆ. ಆಬ್ಸಿಡಿಯನ್ ಲಕ್ಷಾಂತರ ವರ್ಷಗಳಲ್ಲಿ ನಡೆಯುವ ದಾರಿಯನ್ನು ನಿಮ್ಮ ತಟ್ಟೆಯಲ್ಲಿರುವ ಸಕ್ಕರೆ ಕೆಲವೇ ದಿನಗಳಲ್ಲಿ ನಡೆದು ತೋರಿಸುತ್ತದೆ.